ವಿದೇಶದಲ್ಲಿ ಓದುವಾಗ ಒತ್ತಡ ಮಿತಿಮೀರಿದರೆ: ಯಾವುದು ಮೊದಲು, ಯಾವುದು ಆಮೇಲೆ

ಪರದೇಶದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವವರು ಕೇಳುವ ಪ್ರಶ್ನೆಗಳು ಬೇರೆ ಬೇರೆ, ಎಡವುವ ಜಾಗ ಮಾತ್ರ ಒಂದೇ. ಮೊದಲು ಫೋನಿಗೆ ಧ್ಯಾನದ ಆ್ಯಪ್ ಹಾಕಿಕೊಳ್ಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಅದು ಮೂಲೆ ಸೇರುತ್ತದೆ. ತರಗತಿಗಳು ತಪ್ಪುತ್ತವೆ, ಮೇಲ್ ತೆರೆಯಲು ಭಯವಾಗುತ್ತದೆ, ಮನೆಗೆ ಮಾತ್ರ ‘ಎಲ್ಲ ಚೆನ್ನಾಗಿದೆ’ ಎಂಬ ಸುದ್ದಿ ಹೋಗುತ್ತಿರುತ್ತದೆ. ಒಂದು ರಾತ್ರಿ ತಡೆಯಲಾರದೆ ಪೋರ್ಟಲ್‌ನಲ್ಲೇ ಕೋರ್ಸ್ ಡ್ರಾಪ್ ಮಾಡುತ್ತಾರೆ. ಅದರಿಂದ ವೀಸಾಕ್ಕೆ ಕುತ್ತು ಬಂದಮೇಲೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಬಾಗಿಲು ತಟ್ಟುತ್ತಾರೆ. ಇವುಗಳಲ್ಲಿ ಹೆಚ್ಚಿನವು ತಪ್ಪು ಕೆಲಸಗಳೇನಲ್ಲ, ಮಾಡಿದ ಕ್ರಮ ಮಾತ್ರ ತಲೆಕೆಳಗು. ಹಾಗಾಗಿ ಕೆಳಗಿನ ಹಂತಗಳನ್ನು ಬರೆದಿರುವ ಅನುಕ್ರಮದಲ್ಲೇ ಮಾಡಿ. ಒಂದು ಹಂತ ನಿಮಗೆ ಅನ್ವಯಿಸದಿದ್ದರೆ ದಾಟಿ ಹೋಗಿ, ಆದರೆ ಹಿಂದುಮುಂದು ಮಾಡಬೇಡಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಒಂದು ನೋಟ್‌ಬುಕ್. ಪಾಸ್‌ಪೋರ್ಟ್, ವೀಸಾ, ಪ್ರವೇಶಪತ್ರಗಳ ಪ್ರತಿ. ಆರೋಗ್ಯ ವಿಮೆಯ ಕಾರ್ಡು ಮತ್ತು ಅದರ ಷರತ್ತುಗಳ ಕಡತ. ಈ ಸೆಮಿಸ್ಟರಿನ ಎಲ್ಲ ಡೆಡ್‌ಲೈನ್‌ಗಳಿರುವ ಕ್ಯಾಲೆಂಡರ್. ಮೊದಲೇ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರ ಚೀಟಿ. ಅದರಲ್ಲಿ ಕಂಪನಿಯ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಪ್ರಮಾಣವೂ ಇರಲಿ. ಕಂಪನಿಯ ಹೆಸರು ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಅದೊಂದೇ ಇದ್ದರೆ ಹೊಸ ವೈದ್ಯರಿಗೆ ಪ್ರಯೋಜನವಿಲ್ಲ.

ಆ್ಯಪ್ ಈ ಪಟ್ಟಿಯಲ್ಲಿ ಇಲ್ಲ. ಇಷ್ಟವಿದ್ದರೆ ಬಳಸಿ, ಆದರೆ ಆ್ಯಪ್ ನಿಮ್ಮ ಪರವಾಗಿ ಪ್ರೊಫೆಸರ್‌ಗೆ ಮೇಲ್ ಬರೆಯುವುದಿಲ್ಲ.

## ಹಂತ 1: ಅಪಾಯ ಇದೆಯೇ ಎಂದು ಮೊದಲು ನೋಡಿ

ಬೇರೆ ಏನನ್ನು ಮಾಡುವ ಮೊದಲೂ ನಿಮ್ಮನ್ನೇ ನೇರವಾಗಿ ಕೇಳಿಕೊಳ್ಳಿ: ‘ನಾನು ಬದುಕಿರಬಾರದು ಅನ್ನಿಸುತ್ತಿದೆಯೇ? ನನಗೆ ನಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತಿದೆಯೇ?’ ಉತ್ತರ ‘ಹೌದು’ ಎಂದಾದರೆ ಉಳಿದ ಹಂತಗಳು ಕಾಯಲಿ. ಒಬ್ಬರೇ ಇರಬೇಡಿ. ರೂಮ್‌ಮೇಟ್, ಪಕ್ಕದ ಕೋಣೆಯವರು, ಹಾಸ್ಟೆಲ್ ವಾರ್ಡನ್, ಯಾರಾದರೂ ಸರಿ, ಅವರ ಪಕ್ಕ ಹೋಗಿ ಕುಳಿತುಕೊಳ್ಳಿ. ಹಾನಿಗೆ ಬಳಕೆಯಾಗಬಹುದಾದ ವಸ್ತುವೇನಾದರೂ ಹತ್ತಿರ ಇದ್ದರೆ ಅವರ ಕೈಗೆ ಕೊಡಿ. ಆಮೇಲೆ ಕರೆ ಮಾಡಿ.

ಅಮೆರಿಕದಲ್ಲಿ 988ಕ್ಕೆ ಕರೆಯನ್ನೂ ಮಾಡಬಹುದು, ಮೆಸೇಜನ್ನೂ ಕಳಿಸಬಹುದು. ಕೆನಡಾದಲ್ಲೂ 2023ರ ನವೆಂಬರ್‌ನಿಂದ ಇದೇ ಸಂಖ್ಯೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಸಮಾರಿಟನ್ಸ್ ಸಂಸ್ಥೆಯ 116 123 ಇದೆ, ಇಂಗ್ಲೆಂಡಿನಲ್ಲಿ 111ಕ್ಕೆ ಕರೆ ಮಾಡಿ 2 ಒತ್ತಿದರೆ ಮಾನಸಿಕ ಆರೋಗ್ಯದ ತಂಡ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಲೈಫ್‌ಲೈನ್ 13 11 14, ನ್ಯೂಜಿಲೆಂಡಿನಲ್ಲಿ 1737, ಜರ್ಮನಿಯಲ್ಲಿ 0800 111 0 111. ಪ್ರಾಣಕ್ಕೆ ತಕ್ಷಣದ ಅಪಾಯವಿದ್ದರೆ ತುರ್ತು ಸೇವೆಗೇ ಕರೆ ಮಾಡಿ: ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111, ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 112.

ಇಲ್ಲಿ ಹೆಚ್ಚಿನವರು ಹಿಂಜರಿಯುವುದು ‘ನನ್ನ ಕಷ್ಟ ಅಷ್ಟು ದೊಡ್ಡದಲ್ಲವೇನೋ’ ಎಂದು. ಈ ಸಂಖ್ಯೆಗಳಿಗೆ ಕರೆ ಮಾಡಲು ಕಷ್ಟ ಇಷ್ಟೇ ದೊಡ್ಡದಿರಬೇಕೆಂಬ ನಿಯಮವಿಲ್ಲ. ಮಾತು ಬಾರದೇ ಹೋದರೆ ‘ನನಗೆ ಸುರಕ್ಷಿತ ಅನ್ನಿಸುತ್ತಿಲ್ಲ’ ಎಂದಷ್ಟೇ ಹೇಳಿ, ಮುಂದಿನ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ. ಅಲ್ಲಿನ ಭಾಷೆಯಲ್ಲಿ ಮಾತಾಡುವುದು ಕಷ್ಟವಾದರೆ ದುಭಾಷಿ ಬೇಕೆಂದು ಕೇಳಿ. ಅಮೆರಿಕದ 988ರಲ್ಲಿ ಆ ಸೌಲಭ್ಯವಿದೆ. ಆಸ್ಟ್ರೇಲಿಯಾದಲ್ಲಿ 131 450 ಸಂಖ್ಯೆಯ ಸರ್ಕಾರಿ ದುಭಾಷಿ ಸೇವೆಯ ಮೂಲಕವೂ ಕರೆ ಜೋಡಿಸಿಕೊಳ್ಳಬಹುದು.

ಅಪಾಯವೇನೂ ಇಲ್ಲ ಎಂದಾದರೂ ನೀವಿರುವ ದೇಶದ ಎರಡು ಸಂಖ್ಯೆಗಳನ್ನು ಈಗಲೇ ಫೋನಿನಲ್ಲಿ ಉಳಿಸಿಕೊಂಡು ಮುಂದಿನ ಹಂತಕ್ಕೆ ಬನ್ನಿ.

## ಹಂತ 2: ಮೊದಲ ವಾರ ನಿದ್ದೆಗೆ ಮಾತ್ರ

ನಿದ್ದೆ ಕೆಟ್ಟಿರುವಾಗ ಉಳಿದೆಲ್ಲ ಸಮಸ್ಯೆಗಳೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಅದಕ್ಕೇ ಇದನ್ನು ಎರಡನೆಯ ಹಂತದಲ್ಲಿಟ್ಟಿದ್ದೇನೆ. ವಯಸ್ಕರಿಗೆ ರಾತ್ರಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ವಾರವಿಡೀ 4–5 ಗಂಟೆ ಮಲಗಿ ಭಾನುವಾರ ಮಧ್ಯಾಹ್ನದವರೆಗೆ ಎಳೆದರೆ ಲೆಕ್ಕ ಸರಿಹೋಗುವುದಿಲ್ಲ. ಸೋಮವಾರದ ಬೆಳಗ್ಗೆ ಇನ್ನಷ್ಟು ಹದಗೆಡುತ್ತದೆ.

ಮಲಗುವ ಹೊತ್ತನ್ನು ಸರಿಪಡಿಸಲು ಹೊರಡಬೇಡಿ, ಏಳುವ ಹೊತ್ತನ್ನು ಕಟ್ಟಿಹಾಕಿ. ರಜಾದಿನವೂ ಸೇರಿ ದಿನಾ ಒಂದೇ ಹೊತ್ತಿಗೆ ಏಳಿ, ಎದ್ದ ಗಂಟೆಯೊಳಗೆ ಹೊರಗಿನ ಬೆಳಕಿಗೆ ಹೋಗಿ. ದೇಹದ ಗಡಿಯಾರ ಬೆಳಕನ್ನು ನೋಡಿಕೊಂಡು ತಿರುಗುತ್ತದೆ, ರಾತ್ರಿಯ ನಿದ್ದೆ ಅದರ ಹಿಂದೆಯೇ ಸರಿಯುತ್ತದೆ. ಕೆಫೀನ್‌ನ ಅರ್ಧಾಂಶ ರಕ್ತದಿಂದ ಹೋಗಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ 11ಕ್ಕೂ ಒಳಗೇ ಇರುತ್ತದೆ. ಮಧ್ಯಾಹ್ನದ ನಂತರ ಬೇಡ.

ಹೊರದೇಶದ ವಿದ್ಯಾರ್ಥಿಗಳ ನಿದ್ದೆಗೆ ಇನ್ನೊಂದು ಕಳ್ಳನಿದ್ದಾನೆ: ಮನೆಯ ಸಮಯ. ಮನೆಯವರು ಬಿಡುವಾಗುವ ಹೊತ್ತು ನಿಮಗೆ ರಾತ್ರಿ ಒಂದೂವರೆ. ಪ್ರತಿದಿನ ಆಗ ವಿಡಿಯೋ ಕರೆ, ಕರೆಯ ಬಳಿಕ ಇನ್ನೊಂದು ಗಂಟೆ ಹೊರಳಾಟ, ಬೆಳಗ್ಗೆ ಎಂಟರ ತರಗತಿ ಗೋತಾ. ವಾರಕ್ಕೆ ಎರಡು ಕರೆಗಳಿಗೆ ಎರಡೂ ಕಡೆ ಹೊಂದುವ ಹೊತ್ತು ಗೊತ್ತುಮಾಡಿ, ಉಳಿದ ದಿನ ಧ್ವನಿ ಸಂದೇಶ ಕಳಿಸಿ. ಅವರು ಎದ್ದಮೇಲೆ ಕೇಳಿಕೊಳ್ಳುತ್ತಾರೆ. ‘ಫೋನ್ ಕಡಿಮೆ ಮಾಡ್ತೀಯಲ್ಲ’ ಎಂಬ ಬೇಸರ ಮೊದಲ ವಾರ ಬಂದೇ ಬರುತ್ತದೆ. ನಿದ್ದೆಗೋಸ್ಕರ ಎಂದು ಕಾರಣ ಹೇಳಿಬಿಟ್ಟರೆ ಬೇಗ ಕರಗುತ್ತದೆ.

ಚಳಿಗಾಲದಲ್ಲಿ ಹಗಲು ಏಳೆಂಟು ಗಂಟೆಗೆ ಇಳಿಯುವ ಉತ್ತರದ ಊರುಗಳಲ್ಲಿದ್ದರೆ, ಪ್ರತಿ ವರ್ಷ ಅದೇ ಕಾಲಕ್ಕೆ ಮನಸ್ಸು ಕುಸಿಯುವುದನ್ನು ವೈದ್ಯರಿಗೆ ತಿಳಿಸಿ. ಬೆಳಗ್ಗೆ 20–30 ನಿಮಿಷ 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಕೂರುವ ಚಿಕಿತ್ಸೆ ಇದಕ್ಕಿದೆ. ಬೈಪೋಲಾರ್ ತೊಂದರೆ (ಮನಸ್ಸು ಅತಿ ಉತ್ಸಾಹ, ಅತಿ ಕುಸಿತಗಳ ನಡುವೆ ತೂಗುವ ಕಾಯಿಲೆ) ಇರುವವರಿಗೆ ಅದು ಅಪಾಯ ತರಬಹುದಾದ್ದರಿಂದ ಕೇಳದೆ ಶುರುಮಾಡಬಾರದು.

ಎಚ್ಚರಿಕೆಯ ಗುರುತು: ಎರಡು ಮೂರು ಗಂಟೆ ಮಾತ್ರ ಮಲಗಿಯೂ ಆಯಾಸವೇ ಇಲ್ಲ, ಮಾತು–ಯೋಚನೆ ಓಡುತ್ತಿವೆ, ದುಡ್ಡು ನೀರಿನಂತೆ ಖರ್ಚಾಗುತ್ತಿದೆ ಎಂದಾದರೆ ಅದನ್ನು ಉತ್ಸಾಹವೆಂದು ತಿಳಿಯಬೇಡಿ. ನೇರವಾಗಿ ವೈದ್ಯರ ಬಳಿ ಹೋಗಿ.

## ಹಂತ 3: ಗಂಟನ್ನು ಹಾಳೆಯ ಮೇಲೆ ಬಿಡಿಸಿ

‘ಎಲ್ಲವೂ ಹಾಳಾಗಿದೆ’ ಎನ್ನುವ ವಾಕ್ಯಕ್ಕೆ ಪರಿಹಾರವಿಲ್ಲ, ಏಕೆಂದರೆ ‘ಎಲ್ಲ’ವನ್ನೂ ನೋಡಿಕೊಳ್ಳುವ ಕಚೇರಿ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ನೋಟ್‌ಬುಕ್‌ನ ಒಂದು ಪುಟದಲ್ಲಿ ನಾಲ್ಕು ಅಂಕಣ ಎಳೆಯಿರಿ: ಓದು, ಕಾಗದಪತ್ರ, ದುಡ್ಡು, ಜನ. 20 ನಿಮಿಷ ಕುಳಿತು ತಲೆಯಲ್ಲಿರುವುದನ್ನೆಲ್ಲ ಸುರಿಯಿರಿ. ಒಂದೊಂದು ಸಾಲೂ ಯಾರಿಗಾದರೂ ಕಳಿಸಬಹುದಾದಷ್ಟು ಸ್ಪಷ್ಟವಾಗಿರಲಿ.

ಎರಡನೆಯ ಸೆಮಿಸ್ಟರಿನ ವಿದ್ಯಾರ್ಥಿಯೊಬ್ಬರ ಹಾಳೆ ಹೀಗಿರಬಹುದು. ಓದಿನ ಕೆಳಗೆ: ‘ಪ್ರಯೋಗಾಲಯದ ವರದಿ 14ಕ್ಕೆ, ಅರ್ಧವೂ ಆಗಿಲ್ಲ. ಗೈಡ್ ಕಳಿಸಿದ ಮೇಲ್‌ಗೆ ಉತ್ತರ ಬರೆದಿಲ್ಲ. ಗುಂಪಿನ ಪ್ರಾಜೆಕ್ಟ್‌ನಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ.’ ಕಾಗದಪತ್ರದ ಕೆಳಗೆ: ‘ಪಾಸ್‌ಪೋರ್ಟ್ ಆಗಸ್ಟ್‌ಗೆ ಮುಗಿಯುತ್ತದೆ.’ ದುಡ್ಡಿನ ಕೆಳಗೆ: ‘ಮುಂದಿನ ಕಂತಿಗೆ ಎರಡು ವಾರ ತಡ.’ ಜನರ ಕೆಳಗೆ: ‘ವಾರದಿಂದ ನನ್ನ ಭಾಷೆಯಲ್ಲಿ ಯಾರ ಜೊತೆಗೂ ಎದುರುಬದುರು ಮಾತಾಡಿಲ್ಲ. ಅಮ್ಮನಿಗೆ ಅಂಕ ಹೇಳಿಲ್ಲ.’

ಈಗ ಪ್ರತಿ ಸಾಲಿನ ಮುಂದೆ ಎರಡು ಗುರುತು ಹಾಕಿ. ಮೊದಲನೆಯದು, ಇದಕ್ಕೆ ತಾರೀಖು ಇದೆಯೇ? ಎರಡನೆಯದು, ಇದಕ್ಕೆ ಬಾಗಿಲು ಯಾವುದು? ವರದಿಗೆ ಪ್ರೊಫೆಸರ್, ಪಾಸ್‌ಪೋರ್ಟ್‌ಗೆ ನಿಮ್ಮ ದೇಶದ ದೂತಾವಾಸ ಮತ್ತು ಅಂತರರಾಷ್ಟ್ರೀಯ ಕಚೇರಿ, ಕಂತಿಗೆ ಶುಲ್ಕ ವಿಭಾಗ, ಗುಂಪಿನ ಗೊಂದಲಕ್ಕೆ ಕೋರ್ಸಿನ ಬೋಧನಾ ಸಹಾಯಕರು. ಬಾಗಿಲೇ ಇಲ್ಲದ ಸಾಲುಗಳು ಕೊನೆಗೆ ಉಳಿಯುತ್ತವೆ. ಒಂಟಿತನ, ಅಂಕದ ನಾಚಿಕೆ, ಬಂದದ್ದೇ ತಪ್ಪಾಯಿತೇನೋ ಎಂಬ ಕೊರಗು. ಕೌನ್ಸೆಲರ್ ಬಳಿ ಒಯ್ಯಬೇಕಾದದ್ದು ಇವನ್ನು. ಗೈಡ್‌ಗೆ ಬರೆಯಬೇಕಾದ ಮೇಲ್ ಬಗ್ಗೆ ಕೌನ್ಸೆಲರ್ ಎದುರು ಐವತ್ತು ನಿಮಿಷ ಅಳುವುದು, ಕೊರಗಿನ ಬಗ್ಗೆ ಶುಲ್ಕ ವಿಭಾಗದ ಗುಮಾಸ್ತರಿಗೆ ಹೇಳುವುದು, ಎರಡೂ ಆಗುತ್ತಿರುತ್ತವೆ. ಎರಡರಿಂದಲೂ ಬರಿಗೈಯಲ್ಲೇ ವಾಪಸು.

ತಾರೀಖಿನ ಸಾಲುಗಳಲ್ಲಿ ಅತಿ ಹತ್ತಿರದ ಒಂದನ್ನು ಇವತ್ತೇ ಹಿಡಿಯಿರಿ. ಒಂದೇ. ಹಾಳೆ ಬರೆದ ಉಮೇದಿನಲ್ಲಿ ಎಂಟು ಕೆಲಸಕ್ಕೆ ಕೈಹಾಕಿದವರು ಮರುದಿನ ಹಾಳೆಯನ್ನೇ ಮುಚ್ಚಿಡುತ್ತಾರೆ.

## ಹಂತ 4: ವೈದ್ಯರು ಮತ್ತು ವಿಮೆ, ಕಾಯಿಲೆ ಬೀಳುವ ಮೊದಲೇ

ಈ ಹಂತ ಬೇಜಾರಿನದು, ಹಾಗಾಗಿ ಬಹಳ ಮಂದಿ ಮುಂದಕ್ಕೆ ಹಾಕುತ್ತಾರೆ. ಮೈ ಮನಸ್ಸು ಸರಿಯಿರುವಾಗ ಅರ್ಧ ದಿನದಲ್ಲಿ ಮುಗಿಯುವ ನೋಂದಣಿ, ಹಾಸಿಗೆ ಹಿಡಿದಾಗ ಬೆಟ್ಟದಂತೆ ಕಾಣುತ್ತದೆ.

ಬ್ರಿಟನ್ನಿನಲ್ಲಿ ಆರು ತಿಂಗಳಿಗಿಂತ ಹೆಚ್ಚಿನ ವಿದ್ಯಾರ್ಥಿ ವೀಸಾ ಪಡೆಯುವಾಗಲೇ ಆರೋಗ್ಯ ಸರ್‌ಚಾರ್ಜ್ ಕಟ್ಟಿರುತ್ತೀರಿ. ಆ ದುಡ್ಡಿನ ಸೇವೆ ಸಿಗಬೇಕಾದರೆ ಮನೆಗೆ ಹತ್ತಿರದ ಜಿಪಿ (ಸಾಮಾನ್ಯ ವೈದ್ಯರ) ಕ್ಲಿನಿಕ್‌ನಲ್ಲಿ ನೋಂದಣಿ ಮಾಡಿಸಿ, ಅದು ಉಚಿತ. ಇಂಗ್ಲೆಂಡಿನಲ್ಲಿ ಆತಂಕ, ಖಿನ್ನತೆಗಳ ಮಾತಿನ ಚಿಕಿತ್ಸೆಗೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ವೈದ್ಯರ ಚೀಟಿಯಿಲ್ಲದೆ ನೀವೇ ಹೆಸರು ಕೊಡಬಹುದು. ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿ ವೀಸಾಕ್ಕೆ ಓಎಸ್‌ಎಚ್‌ಸಿ ಎಂಬ ಹೊರದೇಶದ ವಿದ್ಯಾರ್ಥಿಗಳ ಆರೋಗ್ಯ ವಿಮೆ ಕಡ್ಡಾಯ. ಮೊದಲಿನಿಂದಲೂ ಇರುವ ಮಾನಸಿಕ ತೊಂದರೆಗೆ ಅದರಲ್ಲಿ ಕಾಯುವ ಅವಧಿ ಎಷ್ಟು ಎಂಬ ಸಾಲನ್ನು ಹುಡುಕಿ ಓದಿ. ಜರ್ಮನಿಯಲ್ಲಿ ವಿದ್ಯಾರ್ಥಿ ಕಲ್ಯಾಣ ನೋಡಿಕೊಳ್ಳುವ ಸ್ಟುಡಿಯರೆಂಡನ್‌ವೆರ್ಕ್ ಸಂಸ್ಥೆಗಳು ವಿದ್ಯಾರ್ಥಿಗಳಿಗೆ ಆಪ್ತ ಸಮಾಲೋಚನೆ ಕೊಡುತ್ತವೆ. ಹೊರಗಿನ ಮನೋಚಿಕಿತ್ಸಕರ ಮೊದಲ ಭೇಟಿಗೆ 116117 ಎಂಬ ಫೋನ್ ಸೇವೆಯ ಮೂಲಕ ಸಮಯ ಕೇಳಬಹುದು. ಅಮೆರಿಕದಲ್ಲಿ ಕ್ಯಾಂಪಸ್ಸಿನ ಕೌನ್ಸೆಲಿಂಗ್ ಸಾಮಾನ್ಯವಾಗಿ ವಿದ್ಯಾರ್ಥಿ ಶುಲ್ಕದಲ್ಲೇ ಸೇರಿರುತ್ತದೆ. ಹೊರಗೆ ಹೋಗುವುದಾದರೆ ಆ ವೈದ್ಯರು ನಿಮ್ಮ ವಿಮೆಯ ನೆಟ್‌ವರ್ಕ್‌ನಲ್ಲಿ ಇದ್ದಾರೆಯೇ, ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ ಎಂದು ವಿಮಾ ಕಂಪನಿಗೆ ಮೊದಲೇ ಕೇಳಿ. ಉತ್ತರ ಬರಹದಲ್ಲೇ ಇರಲಿ.

ಮೊದಲೇ ಔಷಧಿಯಲ್ಲಿರುವವರಿಗೆ ಒಂದು ಮಾತು. ಹೊಸ ದೇಶದಲ್ಲಿ ಮಾತ್ರೆ ಮುಗಿಯುವ ಒಂದು ತಿಂಗಳ ಮೊದಲೇ ವೈದ್ಯರನ್ನು ಹಿಡಿಯಿರಿ. ಖಿನ್ನತೆಯ ಔಷಧಿಗಳನ್ನು ಹಠಾತ್ತನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಕಿರಿಕಿರಿ ಶುರುವಾಗಬಹುದು. ಮನೆಯವರಿಂದ ಪಾರ್ಸಲ್ ತರಿಸುವುದು ಸುಲಭದ ದಾರಿಯಂತೆ ಕಾಣುತ್ತದೆ, ಆದರೆ ಒಂದು ದೇಶದಲ್ಲಿ ಮಾಮೂಲಾದ ಮಾತ್ರೆ ಇನ್ನೊಂದರಲ್ಲಿ ನಿಷೇಧಿತವಾಗಿರಬಹುದು. ಗಮನದ ತೊಂದರೆಗೆ ಕೊಡುವ ಆಂಫೆಟಮಿನ್ ಜಪಾನಿನಲ್ಲಿ ಹಾಗೆ ನಿಷಿದ್ಧ, ಚೀಟಿ ಇದ್ದರೂ ತರುವಂತಿಲ್ಲ.

## ಹಂತ 5: ಕೌನ್ಸೆಲರ್ ಭೇಟಿ

ಹಾಳೆಯಲ್ಲಿ ಬಾಗಿಲಿಲ್ಲದೆ ಉಳಿದ ಸಾಲುಗಳು ಈಗ ಕೆಲಸಕ್ಕೆ ಬರುತ್ತವೆ.

ಭೇಟಿಗೆ ಸಮಯ ಕೇಳುವಾಗ ಕಥೆಯೆಲ್ಲ ಬರೆಯಬೇಕಿಲ್ಲ. ‘ಮೂರು ವಾರದಿಂದ ನಿದ್ದೆ ಸರಿಯಿಲ್ಲ, ತರಗತಿ ತಪ್ಪುತ್ತಿವೆ, ಗಮನ ನಿಲ್ಲುತ್ತಿಲ್ಲ. ತಕ್ಷಣದ ಅಪಾಯವಿಲ್ಲ. ಆದಷ್ಟು ಬೇಗ ಭೇಟಿ ಬೇಕು’ ಎಂದು ಬರೆದರೆ ಅವರಿಗೆ ಬೇಕಾದ್ದೆಲ್ಲ ಸಿಕ್ಕಿತು: ಎಷ್ಟು ದಿನದಿಂದ, ಯಾವ ಕೆಲಸಕ್ಕೆ ಅಡ್ಡಿ, ಎಷ್ಟು ತುರ್ತು. ‘ಸ್ವಲ್ಪ ಟೆನ್ಷನ್’ ಎಂದು ಸಂಕೋಚದಿಂದ ಬರೆದವರ ಹೆಸರು ಸಹಜವಾಗಿಯೇ ಸಾಲಿನ ಹಿಂದಕ್ಕೆ ಹೋಗುತ್ತದೆ. ಪರೀಕ್ಷೆಗಳು ಹತ್ತಿರವಾದಾಗ ಸಾಲು ಉದ್ದವಾಗುತ್ತದೆ. ರದ್ದಾದ ಸಮಯ ಸಿಕ್ಕರೆ ತಿಳಿಸಿ ಎಂದು ಕೇಳಿ. ಆ ದಿನವೇ ಬಂದು ಕಾಣುವ ವ್ಯವಸ್ಥೆ, ಗುಂಪು ಸಮಾಲೋಚನೆ ಇವೆಯೇ ಎಂದೂ ಕೇಳಿ.

ಮೊದಲ ಭೇಟಿ ಬಹುಪಾಲು ಪ್ರಶ್ನೋತ್ತರ. ನಿದ್ದೆ, ಹಸಿವು, ಮದ್ಯ, ಹಿಂದಿನ ಚಿಕಿತ್ಸೆ, ಆತ್ಮಹತ್ಯೆಯ ಯೋಚನೆ, ಎಲ್ಲವನ್ನೂ ಕೇಳುತ್ತಾರೆ. ಆತ್ಮಹತ್ಯೆಯ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತಾರೆ, ನಿಮ್ಮನ್ನು ನೋಡಿ ಅನುಮಾನ ಬಂತೆಂದಲ್ಲ. ಇಲ್ಲಿ ಅನೇಕರು ‘ಎದೆ ಬಿಗಿ, ತಲೆನೋವು, ಹೊಟ್ಟೆ ಸರಿಯಿಲ್ಲ’ ಎಂದು ದೇಹದ ಮಾತಷ್ಟೇ ಆಡಿ ಎದ್ದುಬರುತ್ತಾರೆ. ಒತ್ತಡ ದೇಹದಲ್ಲಿ ಕಾಣಿಸಿಕೊಳ್ಳುವುದು ನಿಜ, ಅದನ್ನು ಹೇಳಲೇಬೇಕು. ಜೊತೆಗೆ ಅದು ಯಾವಾಗ ಬರುತ್ತದೆ ಎಂಬುದನ್ನೂ ಹೇಳಿ. ಗೈಡ್ ಹೆಸರು ಪರದೆಯ ಮೇಲೆ ಕಂಡಾಗ ಎದೆ ಬಿಗಿಯುವುದಕ್ಕೂ ಮೆಟ್ಟಿಲು ಹತ್ತುವಾಗ ಬಿಗಿಯುವುದಕ್ಕೂ ಚಿಕಿತ್ಸೆ ಬೇರೆ. ಎರಡನೆಯದಾದರೆ ಮೊದಲು ವೈದ್ಯರು.

ಗುಟ್ಟಿನ ಪ್ರಶ್ನೆ. ಕೌನ್ಸೆಲರ್ ನೀವು ಆಡಿದ ಮಾತನ್ನು ಮನೆಯವರಿಗೆ, ಪ್ರೊಫೆಸರ್‌ಗೆ, ವಲಸೆ ಇಲಾಖೆಗೆ ದಾಟಿಸುವುದಿಲ್ಲ. ನಿಮ್ಮ ಪ್ರಾಣಕ್ಕೋ ಇನ್ನೊಬ್ಬರ ಪ್ರಾಣಕ್ಕೋ ಗಂಭೀರ ಅಪಾಯವಿದ್ದರೆ, ಕಾನೂನು ಕಡ್ಡಾಯ ಮಾಡಿದರೆ ಮಾತ್ರ ಇದಕ್ಕೆ ಅಪವಾದ. ಈ ಮಿತಿಗಳನ್ನು ಮೊದಲ ಭೇಟಿಯಲ್ಲೇ ಕೇಳಿ ತಿಳಿದುಕೊಳ್ಳಿ, ಅವರು ತಪ್ಪು ತಿಳಿಯುವುದಿಲ್ಲ. ಇನ್ನೊಂದು ವ್ಯತ್ಯಾಸ ನೆನಪಿರಲಿ: ಪ್ರೊಫೆಸರ್ ಅಥವಾ ಹಾಸ್ಟೆಲ್ ಸಿಬ್ಬಂದಿ ಕೌನ್ಸೆಲರ್ ಅಲ್ಲ. ಅವರಿಗೆ ಹೇಳಿದ ಕೆಲವು ಸಂಗತಿಗಳನ್ನು ಅವರು ಮೇಲಿನವರಿಗೆ ವರದಿ ಮಾಡಲೇಬೇಕಾಗಬಹುದು.

ಕ್ಯಾಂಪಸ್ ಸಮಾಲೋಚನೆ ಬಹುತೇಕ ಕಡೆ ಕೆಲವೇ ಭೇಟಿಗಳಿಗೆ ಸೀಮಿತ. ‘ಎಷ್ಟು ಭೇಟಿ ಸಿಗುತ್ತದೆ, ಮುಗಿದ ಮೇಲೆ ಎಲ್ಲಿಗೆ?’ ಎಂದು ಮೊದಲ ದಿನವೇ ಕೇಳಿದರೆ ಕೊನೆಯ ಭೇಟಿಯ ನಂತರ ನಡುನೀರಿನಲ್ಲಿ ನಿಲ್ಲುವುದು ತಪ್ಪುತ್ತದೆ. ನಿಮ್ಮ ಭಾಷೆ ಬಲ್ಲವರು ಅಥವಾ ಹೊರದೇಶದ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಿದವರು ಇದ್ದಾರೆಯೇ ಎಂದು ಕೇಳುವುದೂ ನ್ಯಾಯವೇ. ಎರಡು ಮೂರು ಭೇಟಿಯಾದರೂ ಹೊಂದಿಕೆಯಾಗದಿದ್ದರೆ ಬೇರೆಯವರನ್ನು ಕೇಳಿ. ನಿಲ್ಲಿಸಿಬಿಡಬೇಡಿ.

ಕಾಯುವ ದಿನಗಳಲ್ಲಿ ಆತಂಕ ಉಕ್ಕಿ ಬಂದರೆ ಉಸಿರನ್ನು ನಾಲ್ಕರವರೆಗೆ ಎಣಿಸಿ ಒಳಗೆ, ಆರರವರೆಗೆ ಎಣಿಸಿ ಹೊರಗೆ, ಐದು ನಿಮಿಷ. ಪ್ಯಾನಿಕ್ ದಾಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ ಎಂಬುದು ಗೊತ್ತಿದ್ದರೆ ಆ ಹತ್ತು ನಿಮಿಷ ಕಳೆಯುವುದು ಕೊಂಚ ಹಗುರ. ಮೊದಲ ಬಾರಿ ಎದೆನೋವು ಬಂದಾಗ ಮಾತ್ರ ಪ್ಯಾನಿಕ್ ಎಂದು ನೀವೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಿ.

## ಹಂತ 6: ಪ್ರೊಫೆಸರ್‌ಗೆ ಮೇಲ್, ಡೆಡ್‌ಲೈನ್ ದಾಟುವ ಮೊದಲು

ಡೆಡ್‌ಲೈನ್‌ಗೆ ಮೂರು ದಿನ ಮೊದಲು ಕೇಳಿದ ವಿನಾಯಿತಿಗೂ ಮೂರು ದಿನ ಆದಮೇಲೆ ಕೇಳಿದ್ದಕ್ಕೂ ಅಜಗಜಾಂತರ. ಮೊದಲನೆಯದು ಯೋಜನೆಯಂತೆ ಕಾಣುತ್ತದೆ, ಎರಡನೆಯದು ನೆಪದಂತೆ. ಕಾರಣ ಎರಡರಲ್ಲೂ ಒಂದೇ ಇರಬಹುದು.

ಮೇಲ್ ಇಷ್ಟಿದ್ದರೆ ಸಾಕು: ‘ನಮಸ್ಕಾರ. ನಾನು ನಿಮ್ಮ ಇಂಥ ಕೋರ್ಸಿನ ವಿದ್ಯಾರ್ಥಿ. ಆರೋಗ್ಯದ ಕಾರಣದಿಂದ ವರದಿಯ ಕೆಲಸ ಹಿಂದೆ ಬಿದ್ದಿದೆ, ಚಿಕಿತ್ಸೆಗೆ ಸಮಯ ತೆಗೆದುಕೊಂಡಿದ್ದೇನೆ. ಮೊದಲೆರಡು ಭಾಗ ಮುಗಿದಿವೆ, ಜೊತೆಗಿಟ್ಟಿದ್ದೇನೆ. 14ರ ಬದಲು 19ಕ್ಕೆ ಪೂರ್ತಿ ಕೊಡಲು ಅವಕಾಶ ಸಿಗಬಹುದೇ? ದಾಖಲೆ ಬೇಕಿದ್ದರೆ ಒದಗಿಸುತ್ತೇನೆ.’ ಕಾಯಿಲೆಯ ಹೆಸರು ಬೇಕಿಲ್ಲ. ಮೂರು ಪುಟದ ಕ್ಷಮಾಪಣೆ ಬೇಕಿಲ್ಲ, ಅದನ್ನು ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕೇಳುವ ತಾರೀಖು ಮಾತ್ರ ಖಚಿತವಾಗಿರಲಿ.

ತೊಂದರೆ ಸೆಮಿಸ್ಟರ್ ಪೂರ್ತಿ ಇರುವಂಥದ್ದಾದರೆ ಪ್ರತಿ ಪ್ರೊಫೆಸರ್ ಬಳಿ ಬೇಡುತ್ತಾ ಹೋಗಬೇಡಿ. ಅಂಗವೈಕಲ್ಯ ಮತ್ತು ಸೌಲಭ್ಯ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಹೆಸರು ನೋಡಿ ಹಿಂಜರಿಯಬೇಕಿಲ್ಲ, ಖಿನ್ನತೆ ಆತಂಕಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಪರೀಕ್ಷೆಗೆ ಹೆಚ್ಚುವರಿ ಸಮಯ, ಬೇರೆ ಕೋಣೆ, ಹಾಜರಿಯಲ್ಲಿ ಸಡಿಲಿಕೆ ಇಂಥವು ಒಮ್ಮೆ ಮಂಜೂರಾದರೆ ಎಲ್ಲ ಕೋರ್ಸಿಗೂ ಪತ್ರ ಅವರಿಂದಲೇ ಹೋಗುತ್ತದೆ. ಆದರೆ ಹಿಂದಿನ ತಾರೀಖಿಗೆ ಸಾಮಾನ್ಯವಾಗಿ ಅನ್ವಯವಾಗುವುದಿಲ್ಲ. ಪರೀಕ್ಷೆ ಬರೆದು ಫೇಲಾದ ಮೇಲೆ ಹೋದರೆ ಕೈಚೆಲ್ಲುತ್ತಾರೆ.

## ಹಂತ 7: ಕೋರ್ಸ್ ಬಿಡುವ ಬಟನ್ ಒತ್ತುವ ಮೊದಲು

ಇಡೀ ಬರಹದಲ್ಲಿ ಎರಡು ಸಲ ಓದಬೇಕಾದ ಭಾಗ ಇದು. ಸ್ಥಳೀಯ ವಿದ್ಯಾರ್ಥಿ ಕೋರ್ಸ್ ಬಿಟ್ಟರೆ ಶುಲ್ಕ ಹೋಗುತ್ತದೆ, ನಿಮಗೆ ವೀಸಾವೇ ಹೋಗಬಹುದು. ಸರಿಯಾದ ಕ್ರಮ ಹೀಗೆ: ಮೊದಲು ವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಪತ್ರ, ಆಮೇಲೆ ಅಂತರರಾಷ್ಟ್ರೀಯ ಕಚೇರಿಯ ಲಿಖಿತ ಒಪ್ಪಿಗೆ, ಕೊನೆಗೆ ಪೋರ್ಟಲ್.

ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾ ಇರುವವರು ಪೂರ್ಣಾವಧಿ ಓದಿನಲ್ಲಿರಬೇಕು. ಪದವಿ ಹಂತದಲ್ಲಿ ಅದು ಸೆಮಿಸ್ಟರಿಗೆ 12 ಕ್ರೆಡಿಟ್. ವೈದ್ಯಕೀಯ ಕಾರಣಕ್ಕೆ ಇದನ್ನು ಇಳಿಸಲು, ಅಗತ್ಯವಿದ್ದರೆ ಸೊನ್ನೆಗೂ ಇಳಿಸಲು ಅವಕಾಶವಿದೆ. ಪ್ರತಿ ಪದವಿ ಹಂತಕ್ಕೆ ಒಟ್ಟು 12 ತಿಂಗಳು ಇದರ ಮಿತಿ. ವೈದ್ಯರೋ ಪರವಾನಗಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟೋ ಪತ್ರ ಕೊಡಬೇಕು, ಸಾಮಾನ್ಯ ಕೌನ್ಸೆಲರ್ ಪತ್ರ ಸಾಲದು. ಎಲ್ಲಕ್ಕಿಂತ ಮುಖ್ಯ, ಕ್ರೆಡಿಟ್ ಇಳಿಯುವ ಮೊದಲೇ ಡಿಎಸ್‌ಓ (ವಿದ್ಯಾರ್ಥಿ ವೀಸಾ ವಿಷಯ ನೋಡಿಕೊಳ್ಳುವ ವಿಶ್ವವಿದ್ಯಾಲಯದ ಅಧಿಕಾರಿ) ಒಪ್ಪಿರಬೇಕು. ಪೂರ್ತಿ ಬಿಟ್ಟು ಊರಿಗೆ ಹೋಗುವುದಾದರೆ ಡಿಎಸ್‌ಓ ಅನುಮತಿಯ ನಂತರ ಹೊರಡಲು ಸಿಗುವುದು 15 ದಿನ.

ಬ್ರಿಟನ್ನಿನಲ್ಲಿ ಒಪ್ಪಿಗೆ ಪಡೆದ ಗೈರುಹಾಜರಿ 60 ದಿನ ದಾಟಿದರೆ ವಿಶ್ವವಿದ್ಯಾಲಯ ಸಾಮಾನ್ಯವಾಗಿ ನಿಮ್ಮ ವೀಸಾಕ್ಕೆ ಆಧಾರವಾದ ಪ್ರಾಯೋಜಕತ್ವ ಹಿಂತೆಗೆದುಕೊಳ್ಳುತ್ತದೆ. ಕೆನಡಾದಲ್ಲಿ ವಿಶ್ವವಿದ್ಯಾಲಯ ಒಪ್ಪಿದ ರಜೆಗೆ 150 ದಿನದ ಮಿತಿಯಿದೆ. ಆಸ್ಟ್ರೇಲಿಯಾದಲ್ಲಿ ಓದನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಅನುಕಂಪದ ಅಥವಾ ಅನಿವಾರ್ಯ ಕಾರಣವಿದೆ ಎಂದು ವಿಶ್ವವಿದ್ಯಾಲಯಕ್ಕೆ ದಾಖಲೆಸಹಿತ ತೋರಿಸಬೇಕು, ಗಂಭೀರ ಅನಾರೋಗ್ಯ ಅದರಲ್ಲಿ ಸೇರಿದೆ. ಯಾವ ದೇಶವಾದರೂ ಮಾತಿನಲ್ಲಿ ಸಿಕ್ಕ ಭರವಸೆಯನ್ನು ಅದೇ ದಿನ ಮೇಲ್‌ನಲ್ಲಿ ಬರೆಸಿಕೊಳ್ಳಿ.

ಚಿಕಿತ್ಸೆ ಪಡೆದರೆ ವೀಸಾ ಹೋಗುತ್ತದೆ ಎಂಬ ಮಾತು ವಿದ್ಯಾರ್ಥಿಗಳ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕೌನ್ಸೆಲರ್ ಬಳಿ ಹೋದದ್ದಕ್ಕೆ ವೀಸಾ ಹೋಗುವುದಿಲ್ಲ. ಹೇಳದೆ ಕೇಳದೆ ತರಗತಿಗೆ ಹೋಗುವುದನ್ನು ಬಿಟ್ಟರೆ ಹೋಗಬಹುದು.

## ಹಂತ 8: ದುಡ್ಡು

ಚಿಕ್ಕದಾಗಿ ಹೇಳಿಬಿಡುತ್ತೇನೆ. ಶುಲ್ಕದ ಕಂತು ತಪ್ಪುವ ಮೊದಲು ಶುಲ್ಕ ವಿಭಾಗಕ್ಕೆ ಬರೆದು ಕಂತು ಮರುಹೊಂದಿಕೆ ಕೇಳಿ. ತುರ್ತು ನೆರವಿನ ನಿಧಿ ಇದೆಯೇ, ಹೊರದೇಶದವರಿಗೂ ಸಿಗುತ್ತದೆಯೇ ಎಂದು ವಿಚಾರಿಸಿ. ಮಿತಿ ಮೀರಿ ಕೆಲಸಕ್ಕೆ ಹೋಗುವುದು ಮಾತ್ರ ಬೇಡ. ಓದಿನ ದಿನಗಳಲ್ಲಿ ಅಮೆರಿಕದಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ, ಬ್ರಿಟನ್ನಿನಲ್ಲಿ ಪದವಿ ಓದುವವರಿಗೆ ವಾರಕ್ಕೆ 20 ಗಂಟೆ, ಕೆನಡಾದಲ್ಲಿ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ. ಕೈಗೆ ನಗದು ಕೊಡುತ್ತೇನೆ, ಲೆಕ್ಕಕ್ಕೆ ಬರುವುದಿಲ್ಲ ಎನ್ನುವ ಮಾಲೀಕ ಸಂಬಳ ಕೊಡದೆ ಹೋದಾಗ ದೂರು ಕೊಡಲು ನಿಮಗೇ ಭಯವಾಗುತ್ತದೆ. ಅದು ಆತನಿಗೂ ಗೊತ್ತು.

## ಹಂತ 9: ಜನ, ಮನೆ, ಒಂಟಿತನ

‘ಹೊರಗೆ ಹೋಗು, ನಾಲ್ಕು ಜನರ ಜೊತೆ ಬೆರೆ’ ಎನ್ನುವುದು ಸುಲಭದ ಸಲಹೆ, ಕೆಲಸಕ್ಕೆ ಬಾರದ್ದು. ನೂರು ಜನರ ಸ್ವಾಗತ ಕೂಟಕ್ಕೆ ಹೋಗಿ ಇನ್ನಷ್ಟು ಒಂಟಿಯಾಗಿ ಮರಳಿದವರೇ ಹೆಚ್ಚು. ಕೆಲಸ ಮಾಡುವುದು ಪುನರಾವರ್ತನೆ. ಪ್ರತಿ ವಾರ ಅದೇ ದಿನ, ಅದೇ ಜಾಗ, ಅದೇ ಏಳೆಂಟು ಮುಖಗಳಿರುವ ಒಂದು ಚಟುವಟಿಕೆ ಆರಿಸಿ: ಓಟದ ಗುಂಪು, ಗಾಯನ, ಚೆಸ್, ಸ್ವಯಂಸೇವೆ, ಏನಾದರೂ ಸರಿ. ಕೈಗೆ ಕೆಲಸವಿರುವ ಚಟುವಟಿಕೆಯಾದರೆ ಭಾಷೆ ತಡವರಿಸಿದರೂ ಮುಜುಗರವಿಲ್ಲ. ಎರಡನೆಯ ವಾರವೇ ‘ಇವರ್‍ಯಾರೂ ನನ್ನವರಲ್ಲ’ ಎಂದು ಬಿಡಬೇಡಿ, ಆರು ವಾರ ಹೋಗಿ ನೋಡಿ. ಮೈ ಬಗ್ಗಿಸುವ ಚಟುವಟಿಕೆ ಆರಿಸಿದರೆ ಇನ್ನೊಂದು ಲೆಕ್ಕವೂ ತುಂಬುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಿಮ್ಮದೇ ಭಾಷೆಯವರ ಬಳಗ ಬೇಕು, ಆದರೆ ಅದೊಂದೇ ಆದರೆ ಕಷ್ಟ. ಅಲ್ಲಿ ಯಾರಿಗೆ ಇಂಟರ್ನ್‌ಶಿಪ್ ಸಿಕ್ಕಿತು, ಯಾರ ಅಂಕ ಎಷ್ಟು ಎಂಬ ಹೋಲಿಕೆ ಬಿಡುವಿಲ್ಲದೆ ನಡೆಯುತ್ತದೆ.

ಮನೆಗೆ ಏನು ಹೇಳುವುದು? ಪೂರ್ತಿ ಮುಚ್ಚಿಟ್ಟರೆ ಪ್ರತಿ ಕರೆಯೂ ನಾಟಕವಾಗುತ್ತದೆ, ಅತ್ತು ಪೂರ್ತಿ ಸುರಿದರೆ ಸಾವಿರಾರು ಮೈಲಿ ದೂರದಲ್ಲಿ ಅವರಿಗೆ ನಿದ್ದೆಯಿಲ್ಲ. ಸಮಸ್ಯೆಯನ್ನೂ ಅದಕ್ಕೆ ಕೈಗೊಂಡ ಕ್ರಮವನ್ನೂ ಒಟ್ಟಿಗೆ ಹೇಳಿ: ‘ಅಮ್ಮಾ, ಈ ಸಲ ಒಂದು ವಿಷಯದಲ್ಲಿ ಹಿಂದೆ ಬಿದ್ದಿದ್ದೇನೆ. ಮೇಷ್ಟ್ರ ಹತ್ತಿರ ಮಾತಾಡಿದ್ದೇನೆ, ಡಾಕ್ಟರನ್ನೂ ನೋಡುತ್ತಿದ್ದೇನೆ. ಗುರುವಾರ ಮತ್ತೆ ಫೋನ್ ಮಾಡ್ತೀನಿ.’ ಮುಂದಿನ ಕರೆ ಯಾವಾಗ ಎಂದು ಗೊತ್ತಿದ್ದರೆ ನಡುವೆ ಇಪ್ಪತ್ತು ಸಲ ಫೋನ್ ಬರುವುದು ತಪ್ಪುತ್ತದೆ.

## ಹಂತ 10: ಎರಡು ವಾರಕ್ಕೊಮ್ಮೆ ತಪಾಸಣೆ

ಹಂತ 3ರ ಹಾಳೆಯನ್ನು ಎರಡು ವಾರಕ್ಕೊಮ್ಮೆ ತೆಗೆದು ಹೊಸದಾಗಿ ಬರೆಯಿರಿ. ಅದರ ಜೊತೆ ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನೂ ತುಂಬಿ. ಕಳೆದ ಎರಡು ವಾರಗಳ ಬಗ್ಗೆ ಅದರಲ್ಲಿ 9 ಪ್ರಶ್ನೆಗಳಿವೆ, ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಿ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು, ಅದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಯಾರಿಗಾದರೂ ಹೇಳಿ. ಇದು ರೋಗನಿರ್ಣಯವಲ್ಲ, ವೈದ್ಯರ ಮುಂದೆ ಮಾತು ಶುರುಮಾಡಲು ಒಳ್ಳೆಯ ಕಾಗದ ಅಷ್ಟೇ.

ವೈದ್ಯರು ಖಿನ್ನತೆಗೆ ಔಷಧಿ ಬರೆದರೆ ಪರಿಣಾಮ ಕಾಣಲು ಸಾಮಾನ್ಯವಾಗಿ ಕೆಲವು ವಾರ ಬೇಕು. ಅಡ್ಡಪರಿಣಾಮ ಮೊದಲೇ ಬರುತ್ತದೆ, ಗುಣ ಆಮೇಲೆ. ಐದನೆಯ ದಿನ ‘ಇದರಿಂದ ಏನೂ ಆಗಲಿಲ್ಲ’ ಎಂದು ನಿಲ್ಲಿಸುವವರು ಬಹಳ. 25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆಯೋ ಹಾನಿಯ ಯೋಚನೆಯೋ ಹೆಚ್ಚಾದರೆ ಮುಂದಿನ ಭೇಟಿಗೆ ಕಾಯದೆ ವೈದ್ಯರಿಗೆ ಕರೆ ಮಾಡಬೇಕು.

ರೂಮ್‌ಮೇಟ್ ಅಥವಾ ಗೆಳೆಯರಲ್ಲಿ ಗಮನಿಸಬೇಕಾದ ಗುರುತುಗಳೂ ಇವೆ. ಊಟ ಸ್ನಾನ ಬಿಡುವುದು, ಕೋಣೆಯಿಂದ ಹೊರಗೆ ಬಾರದಿರುವುದು, ಕುಡಿತ ಏರುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ‘ನಾನಿಲ್ಲದಿದ್ದರೆ ಎಲ್ಲರಿಗೂ ನಿರಾಳ’ ಎಂಬಂಥ ಮಾತು, ಬಹಳ ದಿನ ಕುಗ್ಗಿದ್ದವರು ಕಾರಣವಿಲ್ಲದೆ ಒಮ್ಮೆಲೇ ಶಾಂತವಾಗುವುದು. ಹೀಗೆ ಕಂಡರೆ ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಆ ಪದವನ್ನೇ ಬಳಸಿ ಕೇಳಿ. ಕೇಳಿದರೆ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಎಂಬುದು ಸುಳ್ಳು ಭಯ. ಹೌದೆಂದರೆ ಜೊತೆಗೇ ಇದ್ದು ಹಂತ 1ರ ಸಂಖ್ಯೆಗೆ ಕರೆ ಮಾಡಿ. ‘ಯಾರಿಗೂ ಹೇಳಬೇಡ, ಆಣೆ ಮಾಡು’ ಎಂದರೆ ಆ ಆಣೆ ಮಾತ್ರ ಮಾಡಬೇಡಿ.